ಅಕ್ಕನ ಒಣಹೂಗಳ ಫೈಲು

ನುಸಿಗುಳಿಗೆಯ ವಾಸನೆ ಬಂದರೆ ನನಗೆ ಇಂದಿಗೂ ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಕ್ಕ ಆಗ ಬಿಎಸ್ಸಿ ಕೊನೆಯ ವರ್ಷದಲ್ಲಿದ್ದಳು. ಎರಡು ವರ್ಷದಿಂದ ಹೂಗಿಡಗಳನ್ನು ಆಯ್ದು ತಂದು, ಪೇಪರಿನ ನಡುವೆ ಒತ್ತಿ ಒಣಗಿಸಿ, ಕುಟುಂಬವಾರು ವಿಂಗಡಿಸಿ ಫೈಲು ಮಾಡಿದ್ದಳು. ಹುಳ ಹಿಡಿಯದಿರಲೆಂದು ನುಸಿಗುಳಿಗೆ ಇಡುತ್ತಿದ್ದಳು. ಅಂದು ಅದನ್ನೆಲ್ಲ ನೆಲದ ಮೇಲೆ ಹರಡಿಕೊಂಡು, ಪ್ರತಿ ಹಾಳೆಯಲ್ಲಿದ್ದ ತನ್ನ ಹೆಸರಿನ ಚೀಟಿಯನ್ನು ಒದ್ದೆ ಬಟ್ಟೆಯಿಂದ ನೆನೆಸಿ ಕೀಳುತ್ತಿದ್ದಳು. ಪರೀಕ್ಷೆಗೆ ಮೊದಲೇ ಅವಳ ಮದುವೆ ಗೊತ್ತಾಗಿತ್ತು. ಪರೀಕ್ಷೆಯಲ್ಲಿ ತನ್ನದೆಂದು ಒಪ್ಪಿಸಲು ಫೈಲನ್ನು ಸಹಪಾಠಿ ಗೆಳತಿ ಸ್ನೇಹಲಳಿಗೆ ಕೊಡುವುದಿತ್ತು.

“ನಿನ್ನ ಅಕ್ಷರ ಚಂದ ಉಂಟಲ್ಲ, ಅವಳ ಹೆಸರು ನೀನೇ ಬರಿ,” ಎಂದಳು. ಮೂರನೇ ಕ್ಲಾಸಿನ ನನಗೆ ಹೆಮ್ಮೆಯೋ ಹೆಮ್ಮೆ.

“ಬೆಂಡೆ ಹೂವನ್ನು ದಾಸವಾಳದ ಜೊತೆ ಯಾಕೆ ಇಟ್ಟದ್ದು?” ಎಂದು ಕೇಳಿದೆ.

“ಎರಡರಲ್ಲೂ ಕೇಸರಗಳು ಕೂಡಿ ಕೊಳವೆ ಆಗಿವೆ ನೋಡು. ಹತ್ತಿಯೂ ಹಾಗೇ. ಎಲ್ಲ ಒಂದೇ ಕುಟುಂಬ.” ಅವಳ ಬೆರಳು ಒಣಗಿದ ಎಸಳಿನ ಮೇಲೆ ಮುಟ್ಟಿಯೂ ಮುಟ್ಟದ ಹಾಗೆ ನಿಂತಿತ್ತು.

ಅಡುಗೆಮನೆಯಿಂದ ಅಮ್ಮ, “ಮದುವೆ ಆದ ಮೇಲೂ ಓದ್ಲಿಕ್ಕೆ ಆಗ್ತದೆ ಮಗಾ, ಗಂಡಿನ ಕಡೆಯವರೇ ಹೇಳಿದ್ದಾರೆ,” ಎಂದರು. ಅಕ್ಕ ಮುಂದಿನ ಹಾಳೆಯ ಚೀಟಿಯನ್ನು ನೆನೆಸಿದಳು.

ಸಂಜೆ ಸ್ನೇಹಲ ಬಂದು, ಫೈಲನ್ನು ಎದೆಗವಚಿಕೊಂಡು, ಪರೀಕ್ಷೆಗಾದರೂ ಬಾರೇ ಎಂದು ಮರಾಠಿಯಲ್ಲಿ ಹೇಳುತ್ತ ಅತ್ತಳು. ಅಕ್ಕ ನಗುತ್ತಲೇ ಅವಳನ್ನು ಕಳಿಸಿಕೊಟ್ಟಳು. ಬಾಗಿಲು ಹಾಕಿ ಬಂದು, “ಒಂದು ತಪ್ಪೂ ಇಲ್ಲದೆ ಬರ್ದಿದ್ದಿ,” ಎಂದು ನನ್ನ ತಲೆ ನೇವರಿಸಿ ಬಚ್ಚಲಿಗೆ ಹೋದಳು.

ನಲ್ಲಿ ಬಹಳ ಹೊತ್ತು ಸುರಿಯುತ್ತಲೇ ಇತ್ತು. ನೀರು ಪೋಲಾಗುತ್ತದೆಂದು ಯಾವಾಗಲೂ ಬೈಯುವ ಅಮ್ಮ ಅಂದು ಏನೂ ಅನ್ನಲಿಲ್ಲ.