ಉಳಿದ ಮಾಲು

ಆಪರೇಷನ್ನಿಗೆ ಒಂದು ಲಕ್ಷ ಎಂಬತ್ತು ಸಾವಿರ, ಔಷಧಕ್ಕೆ ಇಪ್ಪತ್ತೆರಡು ಸಾವಿರ, ನೋಡಲು ಬಂದವರ ಚಹಾ-ಚೂಡಾಕ್ಕೆ ನಾಲ್ಕು ಸಾವಿರ. ಇಷ್ಟನ್ನೂ ತುಟಿ ಪಿಟಕ್ಕೆನ್ನದೆ ಕೊಟ್ಟಿದ್ದ ಸಾತಲಿಂಗಪ್ಪ, ಹೆಂಡತಿ ಕಸ್ತೂರಬಾಯಿ ನಾನೂರು ರೂಪಾಯಿಯ ಒಂದು ಬ್ರಾ ಕೇಳಿದ ಕೂಡಲೆ ಹೌಹಾರಿದ.

“ಬಾಡಿ ಮಾರೂ ಅಂಗಡಿ ಇಟ್ಟೀನಿ ನಾನು. ನನ್ನ ಹೇಣ್ತಿ ಹೊರಗ ರೊಕ್ಕಾ ಕೊಟ್ಟು ಬಾಡಿ ತಗೊಂಡ್ಲು ಅಂದ್ರ ಬಜಾರೆಲ್ಲಾ ನಗತೈತಿ.”

ಸೋಲಾಪುರದ ವಿಜಾಪುರ ರಸ್ತೆಯಲ್ಲಿ ಅವನದು ಹೆಂಗಸರ ಒಳಉಡುಪಿನ ಅಂಗಡಿ. ಅಲ್ಲಿ ಮಾರಾಟವಾಗದೆ ಉಳಿದದ್ದು ಮನೆಗೆ ಬರುವುದು ಆ ಮನೆಯ ಪದ್ಧತಿ. ಮದುವೆಯಾದ ಮೂವತ್ತನಾಲ್ಕು ವರ್ಷದಲ್ಲಿ ಕಸ್ತೂರಬಾಯಿ ತೊಟ್ಟದ್ದೆಲ್ಲ ಸೋಲಾಪುರದ ಉಳಿದ ಹೆಂಗಸರು ಬೇಡವೆಂದದ್ದು. ಗಿಳಿಹಸಿರು, ನೇರಳೆ, ಅಳತೆಗಿಂತ ದೊಡ್ಡದು, ಅಳತೆಗಿಂತ ಸಣ್ಣದು. ದೊಡ್ಡದಾದರೆ ಪಿನ್ನು ಚುಚ್ಚುವುದು, ಸಣ್ಣದಾದರೆ ಉಸಿರು ಬಿಗಿಹಿಡಿಯುವುದು. ಈಗ ಎಡಗಡೆಯ ಮೊಲೆ ತೆಗೆದು ಆರು ವಾರವಾಗಿತ್ತು. ಕೈ ಬೆನ್ನಿನ ಹಿಂದೆ ಹೋಗುತ್ತಿರಲಿಲ್ಲ. ಪಟ್ಟಿ ಗಾಯದ ಮೇಲೆ ಉಜ್ಜಿದರೆ ಜೀವ ಬಾಯಿಗೆ ಬರುತ್ತಿತ್ತು. ಮೆತ್ತನೆಯ ಹತ್ತಿಯದು ಇರಲಿ, ಪಟ್ಟಿ ಅಗಲವಿರಲಿ, ಕೊಕ್ಕೆ ಮುಂದಿರಲಿ, ತಂತಿಯಂತೂ ಬೇಡ ಎಂದು ಡಾಕ್ಟರಮ್ಮ ಹೇಳಿದ್ದಳು. ಸಾತಲಿಂಗಪ್ಪ ತಂದದ್ದು ಕಡುಗೆಂಪು, ಹಿಂದೆ ಕೊಕ್ಕೆ, ಒಳಗೆ ತಂತಿ. ಪೊಟ್ಟಣವನ್ನು ಹಾಸಿಗೆಯ ಮೇಲಿಟ್ಟು, ಅವಳು ಸೆರಗಿಗೆ ಕೈ ಹಚ್ಚುವ ಮೊದಲೇ ಹೊರಗೆ ಗ್ಯಾಲರಿಗೆ ಹೋಗಿ ನಿಂತ. ಆಪರೇಷನ್ ಆದಾಗಿನಿಂದ ಅವನಿಗೆ ಗ್ಯಾಲರಿಯ ಗಾಳಿ ಬಹಳ ಹಿಡಿಸಿತ್ತು.

ಮರುದಿನ ಕಸ್ತೂರಬಾಯಿ ಸೊಸೆ ರೂಪಾಲಿಯನ್ನು ಕಟ್ಟಿಕೊಂಡು ಆಟೋದಲ್ಲಿ ನೇರ ಅಂಗಡಿಗೇ ಬಂದು ಗಲ್ಲೆಯ ಎದುರಿನ ಸ್ಟೂಲಿನ ಮೇಲೆ ಕುಳಿತಳು.

“ನೀ ಯಾಕ ಬಂದಿ ಇಲ್ಲಿ?” ಎಂದ ಸಾತಲಿಂಗಪ್ಪ.

“ಗಿರಾಕಿ ಬಂದಾಳ. ನೀ-ಗೀ ಅನಬ್ಯಾಡ್ರಿ. ಬರ್ರಿ ಅಕ್ಕಾರ ಅನ್ರಿ.”

ಅವನು ಅಕ್ಕಾರ ಅನ್ನಲಿಲ್ಲ. ಒಂದು ಡಬ್ಬಿ ಇಳಿಸಿ ಬಿಚ್ಚಿದ. ಕಸ್ತೂರಬಾಯಿ ಒಂದನ್ನು ಎತ್ತಿ ಒತ್ತಿ ನೋಡಿದಳು.

“ಇದರಾಗ ಎರಡೂ ಕಡೆ ಸ್ಪಂಜ್ ತುಂಬ್ಯಾರ. ನನಗ ಒಂದ ಕಡೆ ಸಾಕು. ಅರ್ಧಾ ರೇಟಿಗೆ ಕೊಡತೀರೇನು?”

“ಇಶ್ಶ! ಅತ್ತೀ, ಸಾವಕಾಶ ಮಾತಾಡ್ರಿ,” ರೂಪಾಲಿ ಬಾಗಿಲ ಕಡೆ ನೋಡಿದಳು.

“ಹೋದದ್ದು ನಂದು. ನಿನಗ್ಯಾಕ ನಾಚಿಕಿ?”

ಎರಡನೆಯ ಡಬ್ಬಿಯದಕ್ಕೆ ಚುಚ್ಚುವ ಲೇಸು. ಮೂರನೆಯದರಲ್ಲಿ ತಂತಿ. ಅದನ್ನು ಬೆರಳಿಗೆ ಸಿಕ್ಕಿಸಿ ಹಿಡಿದು ಕಸ್ತೂರಬಾಯಿ ಅಂದಳು: “ಅರ್ಧಾ ಬೆಳಿ ಕೊಯ್ದಾಗೈತಿ. ಇನ್ನ ತಂತಿ ಬೇಲಿ ಯಾಕ್ರಿ?”

ಸಾತಲಿಂಗಪ್ಪ ಡಬ್ಬಿ ಮುಚ್ಚಿದ. ರೂಢಿಯಂತೆ ಬಾಯಿಂದ ಬಂತು: “ಅಳತಿ ಎಷ್ಟು?”

“ನೀವ ಹೇಳ್ರಿ. ಗಿರಾಕಿ ಪಾವಟಿಗಿ ಹತ್ತೂದ್ರಾಗ ಅಳತಿ ಹೇಳತೀರಿ ಅಂತ ಊರೆಲ್ಲಾ ಹೊಗಳತೈತಿ.”

ಅದು ಸುಳ್ಳಲ್ಲ. ಟೇಪು ಮುಟ್ಟದೆ, ಒಂದೇ ನೋಟಕ್ಕೆ ಅಳತೆ ಹೇಳುವುದರಲ್ಲಿ ಅವನ ಹೆಸರಿತ್ತು. ಈಗ ಅವನು ಫ್ಯಾನು ನೋಡಿದ, ಕ್ಯಾಲೆಂಡರು ನೋಡಿದ.

“ಫ್ಯಾನಿನ ಅಳತಿ ಅಲ್ರಿ, ನಂದು.”

ಕಸ್ತೂರಬಾಯಿ ಸೆರಗು ಸರಿಸಿ ನೆಟ್ಟಗೆ ಕುಳಿತಳು. ಸಡಿಲ ಕುಪ್ಪಸದ ಒಂದು ಕಡೆ ತುಂಬಿತ್ತು, ಒಂದು ಕಡೆ ಸಪಾಟಾಗಿತ್ತು. ಇಲ್ಲಿ ಗ್ಯಾಲರಿ ಇರಲಿಲ್ಲ. ಸಾತಲಿಂಗಪ್ಪ ನೋಡಿದ. ಗಿರಾಕಿಯನ್ನು ನೋಡುವುದಕ್ಕಿಂತ ಬಹಳ ಹೊತ್ತು ನೋಡಿದ.

“ಮೂವತ್ತಾರು,” ಅಂದ.

ರೂಪಾಲಿ ಎದೆಯ ಕೆಳಗೆ ಟೇಪು ಹಿಡಿದಳು. ಮೂವತ್ತಾರೇ.

“ಮೊದಲ ಗೊತ್ತಿತ್ತ ನಿಮಗ?” ಎಂದಳು ಕಸ್ತೂರಬಾಯಿ.

“ಲಗ್ನಾದ ವರ್ಷದಿಂದ ಗೊತ್ತೈತಿ.”

“ಮತ್ತ ಒಮ್ಮೆನೂ ಯಾಕ ತರಲಿಲ್ಲ?”

“ಮೂವತ್ತಾರು ಉಳಿಯಾಂಗಿಲ್ಲ,” ಸಾತಲಿಂಗಪ್ಪ ನಿಜವನ್ನೇ ಹೇಳಿದ. “ಮಾಲು ಬಂದ ಕೂಡಲೆ ಹೋಗತಾವ. ಎಲ್ಲಾರೂ ಅದನ್ನ ಕೇಳತಾರ.”

ಕಸ್ತೂರಬಾಯಿ ನಗಲಿಲ್ಲ, ಬೈಯಲೂ ಇಲ್ಲ. “ಮುಂದ ಕೊಕ್ಕಿದು ಐತೇನು?” ಎಂದಷ್ಟೇ ಕೇಳಿದಳು.

“ಅದು ನಾವು ಇಡಾಂಗಿಲ್ಲ. ಎದುರಿನ ಶಿವಶರಣಪ್ಪ ಇಡತಾನ.”

“ನಡಿ ರೂಪಾ, ಅಲ್ಲೇ ಹೋಗೂಣು,” ಎಂದು ಅವಳು ಚಪ್ಪಲಿಗೆ ಕಾಲು ತೂರಿಸಿದಳು.

“ನೀ ಕೂಡ್ರು,” ಎಂದು ಸಾತಲಿಂಗಪ್ಪ ಗಲ್ಲೆ ಬಿಟ್ಟು ಎದ್ದ.

ಎದುರಂಗಡಿ ಶುರುವಾದಾಗಿನಿಂದ ಅದರ ಮೆಟ್ಟಿಲು ತುಳಿಯದವನು ರಸ್ತೆ ದಾಟಿದ. ಶಿವಶರಣಪ್ಪ ಕಟ್ಟೆಯ ಮೇಲೆಯೇ ನಿಂತು, ಪಾನಂಗಡಿಯವರಿಗೂ ಕೇಳುವಂತೆ ಕೂಗಿದ: “ಬರ್ರಿ ಸಾವಕಾರ್ರ! ನಿಮ್ಮಲ್ಲಿ ಮಾಲು ತೀರತೇನು? ಯಾರಿಗ್ರಿ ಬಾಡಿ?”

ಅಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಗಡಗಡಿಸುತ್ತ ಬಂತು. ಮಾತು ಕೇಳಿಸಬೇಕಾದರೆ ಸಾತಲಿಂಗಪ್ಪ ಒದರಲೇಬೇಕಾಯಿತು.

“ನನ್ನ ಹೇಣ್ತಿಗೆ! ಮೂವತ್ತಾರು! ಹತ್ತೀದು, ಮುಂದ ಕೊಕ್ಕಿದು! ಎರಡು ಕೊಡು! ಹೊಸಾ ಮಾಲು ಕೊಡು, ಉಳದದ್ದು ಕೊಡಬ್ಯಾಡ!”

ಪಾನಂಗಡಿಯ ಮುಂದಿದ್ದವರು ತಿರುಗಿ ನೋಡಿದರು. ಈ ಕಡೆ ಸ್ಟೂಲಿನ ಮೇಲೆ ಕಸ್ತೂರಬಾಯಿ ಕಾಲ ಮೇಲೆ ಕಾಲು ಹಾಕಿಕೊಂಡಳು.

ಶಿವಶರಣಪ್ಪ ಒಂದು ರೂಪಾಯಿಯನ್ನೂ ಬಿಡಲಿಲ್ಲ. ಆ ದಿನ ಸಾತಲಿಂಗಪ್ಪ ಕಳಕೊಂಡದ್ದು ಎಂಟುನೂರು ರೂಪಾಯಿ ಮತ್ತು ಬಜಾರಿನಲ್ಲಿದ್ದ ಅರ್ಧ ಮರ್ಯಾದೆ. ಕಸ್ತೂರಬಾಯಿಗೆ ಹೋದದ್ದು ಒಂದು, ಬಂದದ್ದು ಎರಡು. ಎರಡೂ ಅವಳ ಅಳತೆಯವೇ.