ಮ್ಯುರಿಯಲ್ ಹೆಸರಿನ ಹಾಡು

"ನನ್ನ ಹೆಂಡ್ತಿ ಬಿಟ್ಟುಹೋಗಿದ್ದು ನಿಂಗೆ ಹಾಡಾಯ್ತೇನೋ?" ನೆವಿಲ್ ಗಿಟಾರ್ ಸಮೇತ ಗಾಯಕ ಡಡ್ಲಿಯ ಮೇಲೆ ಏರಿಹೋದ. ಬರ್ಮಿಂಗ್‌ಹ್ಯಾಮಿನ ಆ ಸ್ಟುಡಿಯೊದಲ್ಲಿ ವಾರದಿಂದ ಸಂಗೀತಕ್ಕಿಂತ ಬೈಗುಳವೇ ಹೆಚ್ಚಾಗಿತ್ತು.

"ನೀನು ತಂತಿ ಕೆರಿ. ಮಾತು ಬರೆಯೋನು ನಾನು." ಡಡ್ಲಿ ಮೈಕಿಗೆ ಬಾಯಿಟ್ಟು, "ಬಾಗಿಲು ತೆರೆದಿಟ್ಟೇ ಹೋದಳು ಮ್ಯುರಿಯಲ್" ಎಂಬ ಸಾಲನ್ನು ಬೇಕೆಂದೇ ಮತ್ತೆ ಹಾಡಿದ.

ಅವನ ದನಿ ಮುಳುಗಿಸಲೆಂದು ನೆವಿಲ್ ತಂತಿಗಳನ್ನು ಬಡಿದ. ಡಡ್ಲಿ ಇನ್ನೂ ಜೋರಾಗಿ ಕಿರುಚಿದ. ಇಬ್ಬರ ಬಾಯಿಯನ್ನೂ ಮುಚ್ಚಿಸಲು ಬ್ಯಾಂಡಿನ ಮೂರನೆಯವ ಗಾರ್ಡನ್ ತನ್ನ ಡ್ರಮ್ಮಿಗೆ ಗುದ್ದತೊಡಗಿದ. ಆ ಗುದ್ದೇ ತಾಳವಾಯಿತು. ತಿಂಗಳಿಂದ ಕೈಗೆ ಸಿಗದಿದ್ದ ಹಾಡು ಎದ್ದು ನಿಂತಿತು. ನೆವಿಲ್‌ಗೆ ಡಡ್ಲಿಯ ಮುಖಕ್ಕೊಂದು ಬಿಡಬೇಕೆನಿಸಿತು. ಕೈ ಮಾತ್ರ ತಂತಿ ಬಿಡಲಿಲ್ಲ.

ಡಡ್ಲಿ ಹಾಡು ನಿಲ್ಲಿಸಿದ. "ಬೇಡ ಅಂದ್ರೆ ಅವಳ ಹೆಸರು ತೆಗೀತೀನಿ ಕಣೋ."

"ಬಾಯ್ಮುಚ್ಚೋ," ಎಂದ ನೆವಿಲ್, ಅವನ ಕಡೆ ನೋಡದೆ. "ಹೆಸರು ಇರ್ಲಿ. ಮತ್ತೆ ಹಾಡು."