ರೆಕ್ಕೆಯೊಳಗಿದ್ದಾಗ ಬಂದ ಸುದ್ದಿ

ವಿಮಾನದ ರೆಕ್ಕೆಯೊಳಗಿನ ಇಂಧನ ಟ್ಯಾಂಕಿನಲ್ಲಿ ಅಂಗಾತ ಮಲಗಿ, ಸೋರುವ ಜೋಡಣೆಗೆ ಅಂಟು ಬಳಿಯುತ್ತಿದ್ದವಳಿಗೆ ಹೊರಗೆ ಹ್ಯಾಂಗರಿನಲ್ಲಿ ಇದ್ದಕ್ಕಿದ್ದಂತೆ ಸದ್ದಡಗಿದ್ದು ಗೊತ್ತಾಯಿತು. ಆಚೆ ಬದಿಯ ವಿಮಾನದ ಮೇಲೆ ಬೆಳಗಿನಿಂದ ತಲೆ ಚಿಟ್ಟು ಹಿಡಿಸುತ್ತಿದ್ದ ರಿವೆಟ್ ಗನ್ ನಿಂತಿತ್ತು. ಯಾರೋ ಓಡಿದರು. ಯಾರೋ ‘ಶ್’ ಎಂದರು.

“ಏನಾಯ್ತು ದೊಡ್ಡಣ್ಣಾ?” ಎಂದು ಕೂಗಿದಳು.

ಟ್ಯಾಂಕಿನ ಬಾಯಲ್ಲಿ ಕಾವಲು ನಿಂತಿದ್ದ ಹಿರಿಯ ಮೆಕ್ಯಾನಿಕ್‌ನನ್ನು ಇಡೀ ಹ್ಯಾಂಗರ್ ಕರೆಯುತ್ತಿದ್ದದ್ದೇ ಹಾಗೆ. ಒಳಗೆ ಹೋದವರು ಹೊರಗೆ ಬರುವ ತನಕ ಅವರನ್ನು ಮಾತಾಡಿಸುತ್ತ, ಉಸಿರಾಟ ಸರಿಯಿದೆಯೇ ಎಂದು ವಿಚಾರಿಸುತ್ತ ಇರುವುದು ಅವನ ಕೆಲಸ. ಬಾಯಿ ತೆರೆದರೆ ಮುಚ್ಚುವ ಆಸಾಮಿಯಲ್ಲ. ಆದರೆ ಈಗ, “ಏನಿಲ್ಲಮ್ಮಾ, ನೀನು ಕೆಲಸ ನೋಡು,” ಎಂದಷ್ಟೇ ಅಂದ.

ಅವಳಿಗೆ ತಟ್ಟನೆ ಅರ್ಜಿಯ ನೆನಪಾಯಿತು. ಈ ಪರದೇಶದಲ್ಲಿ ಕಾಯಂ ವಾಸ ಕೋರಿದ್ದ ಅದರ ತೀರ್ಮಾನ ಈ ವಾರ ಮನೆಗೆ ಬರಬೇಕಿತ್ತು. ಹೋದ ಸಲ ಹಾಕಿದ್ದು ತಿರಸ್ಕಾರವಾಗಿತ್ತು. ಈ ಕೆಲಸಕ್ಕೆ ಇವರೇ ಆಗಬೇಕೆಂದೇನೂ ಇಲ್ಲ ಎಂದು ವಲಸೆ ಕಚೇರಿಯವರು ಹೇಳಿಬಿಟ್ಟಿದ್ದರು. ರೆಕ್ಕೆಯ ತುದಿಯ ಸೋರಿಕೆಯನ್ನು ಇಡೀ ಟ್ಯಾಂಕ್ ಬಿಚ್ಚದೆ ಪತ್ತೆಹಚ್ಚುವ ಉಪಾಯ ಅವಳದೇ. ಬೇರೆ ಕಂಪನಿಗಳ ಎಂಜಿನಿಯರುಗಳೂ ಬಂದು ಕಲಿತು ಹೋಗಿದ್ದರು. ಈ ಸಲ ಅವರೆಲ್ಲ ಅವಳ ಪರವಾಗಿ ಪತ್ರ ಬರೆದುಕೊಟ್ಟಿದ್ದರು. “ಸಂಕೋಚ ಮನೇಲಿಟ್ಟು ಬನ್ನಿ. ನಿಮ್ಮನ್ನ ನೀವು ಹೊಗಳಿಕೊಳ್ಳದಿದ್ರೆ ನಾನೇನು ಮಾಡ್ಲಿ?” ಎಂದು ಅರ್ಜಿ ಬರೆಯುತ್ತಿದ್ದ ವಕೀಲೆ ಗದರಿದ್ದಳು. ಇದೂ ಬಿದ್ದುಹೋದರೆ ಗಂಟುಮೂಟೆ ಕಟ್ಟುವುದೇ.

ಅವಳಿಗೆ ತನ್ನ ಚಿಂತೆಯಿರಲಿಲ್ಲ. ಎಲ್ಲಿ ಹೋದರೂ ಯಾವುದೋ ಒಂದು ರೆಕ್ಕೆ ಸೋರುತ್ತಲೇ ಇರುತ್ತದೆ. ಚಿಂತೆ ಗಂಡನದು. ಅವನು ಪೈಲಟ್. ಊರಿನಲ್ಲಿ ಅವನಿದ್ದ ವಿಮಾನ ಕಂಪನಿ ಮುಚ್ಚಿಹೋದ ಮೇಲೆ ಅವಳ ಹಿಂದೆ ಬಂದವನು. ಅಲ್ಲಿ ಕೆಲಸವಿಲ್ಲ, ಇಲ್ಲಿ ಕಾಯಂ ವಾಸ ಸಿಗುವ ತನಕ ಕೆಲಸ ಮಾಡುವ ಹಾಗಿಲ್ಲ. ಅಡುಗೆಮನೆ ಹಿಡಿದ, ಒಂದು ದಿನವೂ ಗೊಣಗಲಿಲ್ಲ. ಆದರೆ ಮನೆಯ ಮೇಲೆ ವಿಮಾನ ಹಾದುಹೋದಾಗಲೆಲ್ಲ ಮಾತು ಅರ್ಧಕ್ಕೇ ನಿಲ್ಲಿಸುತ್ತಿದ್ದ. ಸದ್ದು ಪೂರ್ತಿ ಅಡಗಿದ ಮೇಲೆ, “ಏನು ಹೇಳ್ತಿದ್ದೆ ನಾನು?” ಎನ್ನುತ್ತಿದ್ದ.

“ದೊಡ್ಡಣ್ಣಾ, ನಮ್ಮನೆಯವ್ರು ಬಂದಿದಾರಾ?”

ಹೊರಗಿನಿಂದ ಒಂದು ಕೆಮ್ಮು. “ಒಳಗಿರೋರ ಹತ್ರ ಮನೆ ಮಾತು ಆಡೋ ಹಾಗಿಲ್ಲ. ಅಂಟು ಎಲ್ಲೀತನಕ ಬಂತು?”

“ಇನ್ನೊಂದು ಗೇಣು.”

“ಮುಗಿಸ್ಕೊಂಡೇ ಬಾ. ಆತುರ ಏನೂ ಇಲ್ಲ.”

ಸುದ್ದಿ ಕೆಟ್ಟದ್ದೇ ಎಂದು ಖಾತ್ರಿಯಾಯಿತು. ಕಣ್ಣು ತುಂಬಿ ಬಂತು. ಉಸಿರಾಟದ ಮುಖವಾಡದೊಳಗೆ ಒರೆಸಿಕೊಳ್ಳುವ ಹಾಗೂ ಇಲ್ಲ. ಹೋಗುವುದಾದರೆ ಹೋಗುವುದು, ಆದರೆ ತಾನು ಕೈಯಿಟ್ಟ ಜೋಡಣೆ ಒಂದು ತೊಟ್ಟೂ ಸೋರಬಾರದು ಎಂದುಕೊಂಡಳು. ಉಳಿದ ಗೇಣುದ್ದವನ್ನು ಬೆರಳಿನಿಂದ ಸವರಿ ಸವರಿ ನಯ ಮಾಡಿದಳು. ಟಾರ್ಚ್ ಹಿಡಿದು ಇನ್ನೊಮ್ಮೆ ನೋಡಿದಳು. ಆಮೇಲೆ ಕಾಲು ಮುಂದಾಗಿ ತೆವಳುತ್ತ ಹೊರಬಂದಳು.

ಕೆಳಗೆ ಇಡೀ ಪಾಳಿಯೇ ನೆರೆದಿತ್ತು. ಹೊರಗಿನವರು ದಾಟಬಾರದ ಹಳದಿ ಗೆರೆಯ ಆಚೆ ಗಂಡ ನಿಂತಿದ್ದ. ಮೈಮೇಲೆ ಮನೆಯ ಪೈಜಾಮ, ಅಂಗಿಯ ಗುಂಡಿಗಳೆಲ್ಲ ಮೇಲೆ ಕೆಳಗೆ.

“ಆಗ್ಲಿಲ್ವಾ?” ಎಂದಳು ಮುಖವಾಡ ಕಿತ್ತು.

ಅವನು ತಲೆಯಾಡಿಸಿದ, ಹೌದೆಂದೋ ಇಲ್ಲವೆಂದೋ ಒಂದೂ ತಿಳಿಯಲಿಲ್ಲ.

“ಅಯ್ಯೋ, ಹೇಳಪ್ಪಾ ಬೇಗ! ನನ್ನ ಹೊಟ್ಟೆ ಒಡೆದುಹೋಗ್ತಾ ಇದೆ!” ಎಂದು ದೊಡ್ಡಣ್ಣ ಅಬ್ಬರಿಸಿದ.

“ಆಯ್ತು ಕಣೇ,” ಎಂದ ಗಂಡ, ಕೊನೆಗೂ. “ಮಂಜೂರಾಯ್ತು. ಈ ಕೆಲಸಕ್ಕೆ ನೀನೇ ಬೇಕಂತೆ!”

ಚಪ್ಪಾಳೆ, ಶಿಳ್ಳೆ. ಯಾರೋ ಖಾಲಿ ಡ್ರಮ್ಮನ್ನು ತಮಟೆಯ ಹಾಗೆ ಬಡಿದರು. ಅವಳು ಏಣಿಯ ಮೆಟ್ಟಿಲ ಮೇಲೆ ಕೂತಳು.

“ನಿಮಗೆ ಮೊದಲೇ ಗೊತ್ತಿತ್ತಾ ದೊಡ್ಡಣ್ಣಾ?”

“ಗೇಟಿನವನಿಗೆ ಗೊತ್ತು, ಉಗ್ರಾಣದವನಿಗೆ ಗೊತ್ತು, ನಿನ್ನೊಬ್ಬಳನ್ನ ಬಿಟ್ಟು ಲೋಕಕ್ಕೆಲ್ಲ ಗೊತ್ತು! ಒಳಗಿರೋರಿಗೆ ಕೆಟ್ಟ ಸುದ್ದಿ ಹೇಳಬಾರ್ದು. ಒಳ್ಳೆ ಸುದ್ದಿ ಅಂತೂ ಹೇಳಲೇಬಾರ್ದು. ಕುಣಿಯೋಕೆ ಹೋಗಿ ತಲೆ ಒಡ್ಕೊಂಡಿದ್ರೆ?”

“ಅಳ್ತಾ ಅಳ್ತಾ ಅಂಟು ಹಚ್ಚಿದೆನಲ್ರೀ ನಾನು!”

“ಭದ್ರವಾಗಿ ಕೂತಿರುತ್ತೆ ಬಿಡು,” ಎಂದ ದೊಡ್ಡಣ್ಣ. ನಕ್ಕೂ ನಕ್ಕೂ ಅವಳ ಕಣ್ಣಲ್ಲಿ ಮತ್ತೆ ನೀರು.

ಗಂಡ ಗೆರೆಯ ಅಂಚಿಗೆ ಬಂದು ನಿಂತು, ತಗ್ಗಿದ ದನಿಯಲ್ಲಿ, “ನಾನೂ ಕೆಲಸ ಮಾಡಬಹುದಂತೆ,” ಎಂದ. ಬೇರೆ ಯಾರದೋ ವಿಷಯ ಹೇಳುವವನ ಹಾಗಿತ್ತು. “ಇಲ್ಲಿನ ಪೈಲಟ್ ಪರೀಕ್ಷೆ ಕಟ್ಟಬೇಕು. ಎಲ್ಲಾ ಮೊದಲಿಂದ.”

“ಕಟ್ಟಿ. ಅಡುಗೆ ನಾನು ನೋಡ್ಕೋತೀನಿ.”

“ಬೇಡ ಬೇಡ,” ಎಂದ ಅವನು ಗಾಬರಿಯಿಂದ. “ಅದೊಂದು ನನಗೇ ಇರಲಿ.”

ಪಕ್ಕದಲ್ಲಿದ್ದ ಪಾಳಿಯ ಮೇಲ್ವಿಚಾರಕಿಗೆ ಮಾತು ಕೇಳಿಸಿತ್ತು. “ಪೈಲಟ್ ಆಗಿ ಗೆರೆಯಾಚೆ ನಿಲ್ಲೋದಾ? ಬನ್ರೀ ಒಳಗೆ,” ಎಂದು ಅವನ ತೋಳು ಹಿಡಿದು ಕರೆದೊಯ್ದಳು.

ಒಳಗೆ ಹೋಗಿದ್ದ ಉಪಕರಣಗಳೆಲ್ಲ ಹೊರಗೆ ಬಂದವೇ ಎಂದು ನೋಡಿ, ಕೈ ತೊಳೆದು ಅವಳು ತಿರುಗಿ ಬಂದಾಗ ಗಂಡ ಎಲ್ಲೂ ಕಾಣಲಿಲ್ಲ. ದೊಡ್ಡಣ್ಣ ಗದ್ದ ಎತ್ತಿ ಆಚೆ ಬದಿಯ ವಿಮಾನ ತೋರಿಸಿದ. ಅದು ಜಾಕುಗಳ ಮೇಲೆ ನಿಂತಿತ್ತು. ಎರಡೂ ಎಂಜಿನ್ ಬಿಚ್ಚಿ ಕೆಳಗಿಟ್ಟಿದ್ದರು. ಅವಳು ಸದ್ದು ಮಾಡದೆ ಮೆಟ್ಟಿಲು ಹತ್ತಿ ಕಾಕ್‌ಪಿಟ್ಟಿನೊಳಗೆ ಇಣುಕಿದಳು. ಗಾಜಿನಾಚೆ ಹ್ಯಾಂಗರಿನ ಗೋಡೆ ಬಿಟ್ಟರೆ ಬೇರೇನೂ ಇರಲಿಲ್ಲ. ಅವನು ಪೈಜಾಮದಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡು, ಎರಡೂ ಕೈ ತೊಡೆಯ ಮೇಲಿಟ್ಟು, ಏನನ್ನೂ ಮುಟ್ಟದೆ ಪೈಲಟ್ ಸೀಟಿನಲ್ಲಿ ಕೂತಿದ್ದ. ಸೀಟಿನ ಬೆಲ್ಟ್ ಬಿಗಿಯಾಗಿ ಕಟ್ಟಿಕೊಂಡಿದ್ದ.